ಬೆನ್ನು ನೋಡಿ ಮನೆತನ ಹೇಳುವವರು

ಸೇಲಿಶ್ ಸಮುದ್ರದಲ್ಲಿ ಓರ್ಕಾ ಕಾಣಿಸಿತು ಎಂದರೆ ಎಷ್ಟು ಬಂದಿವೆ ಎಂದು ಯಾರೂ ಮೊದಲಿಗೆ ಕೇಳುವುದಿಲ್ಲ, ಯಾರು ಬಂದಿದ್ದಾರೆ ಎಂದು ಕೇಳುತ್ತಾರೆ. ಅನಕಾರ್ಟಿಸ್‌ನಿಂದ ಫ್ರೈಡೇ ಹಾರ್ಬರ್‌ಗೆ ಹೊರಟ ಫೆರಿಯಲ್ಲೇ ಈ ಮಾತು ನನ್ನ ಕಿವಿಗೆ ಬಿತ್ತು. ಕಾಫಿ ಕಪ್ಪು ಹಿಡಿದು ಕಂಬಿಗೆ ಒರಗಿ ನಿಂತಿದ್ದ ಇಬ್ಬರು ಅಜ್ಜಿಯರು ಸಣ್ಣ ವಾದಕ್ಕಿಳಿದಿದ್ದರು. ಬೆಳಿಗ್ಗೆ ದ್ವೀಪದ ಪಶ್ಚಿಮ ದಂಡೆಗೆ ಬಂದದ್ದು ‘ಜೆ’ ಬಳಗ ಎಂದು ಒಬ್ಬರು. ಅಷ್ಟೊಂದು ದಡಕ್ಕೆ ಅಂಟಿಕೊಂಡು ಹೋಗಿದ್ದರೆ ಅವು ‘ಟಿ’ಗಳೇ ಸೈ ಎಂದು ಇನ್ನೊಬ್ಬರು. ಜೊತೆಗಿದ್ದ ಅಕ್ಕನ ಮಗಳು ನಕ್ಕು, “ಚಿಕ್ಕಮ್ಮ, ಈ ಕಡೆ ಎಲ್ಲಾ ಹೀಗೇ. ನಮ್ಮ ಆಫೀಸಲ್ಲೂ ಇಂಥವರು ಇಬ್ಬರಿದ್ದಾರೆ” ಅಂದಳು.

ಅವಳು ಇರುವುದು ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಉತ್ತರಕ್ಕೆ ಬಂದು, ಕಾರನ್ನೂ ಫೆರಿಗೆ ಹತ್ತಿಸಿ, ಗುಡ್ಡಗುಡ್ಡವಾಗಿ ಎದ್ದ ದ್ವೀಪಗಳ ನಡುವೆ ಒಂದು ಗಂಟೆಗೂ ಮೀರಿ ಸಾಗಿದರೆ ಸ್ಯಾನ್ ವಾನ್ ದ್ವೀಪ. ಅದರ ಪಶ್ಚಿಮಕ್ಕೆ ಹಾರೊ ಜಲಸಂಧಿ. ಅಮೆರಿಕ, ಕೆನಡಾಗಳ ಗಡಿ ಆ ನೀರಿನ ನಡುವೆಯೇ ಹಾದುಹೋಗುತ್ತದೆ. ಆಚೆ ದಡದಲ್ಲಿ ವ್ಯಾಂಕೂವರ್ ದ್ವೀಪ, ದಕ್ಷಿಣಕ್ಕೆ ತಿರುಗಿದರೆ ಒಲಿಂಪಿಕ್ ಪರ್ವತಗಳ ಸಾಲು. ಸೆಪ್ಟೆಂಬರ್ ತಿಂಗಳ ಬಿಸಿಲಿದ್ದರೂ ಗಾಳಿ ಚಳಿಯದು.

ಓರ್ಕಾವನ್ನು ಕೊಲೆಗಡುಕ ತಿಮಿಂಗಿಲ ಎಂದು ಕರೆಯುತ್ತ ಬಂದಿದ್ದರೂ ಅದು ಡಾಲ್ಫಿನ್‌ಗಳ ಕುಟುಂಬಕ್ಕೆ ಸೇರಿದ್ದು. ಕಾರವಾರದಲ್ಲಿ ಕಾಳಿ ನದಿಯ ಅಳಿವೆಯ ಬಳಿ ಬೆನ್ನು ತೋರಿಸಿ ಮುಳುಗುವ ಡಾಲ್ಫಿನ್‌ಗಳಿಗೆ ದೂರದ ನಂಟು. ಆ ಕುಟುಂಬದಲ್ಲೇ ಓರ್ಕಾ ಎಲ್ಲಕ್ಕಿಂತ ದೊಡ್ಡದು. ಈ ಕರಾವಳಿಯಲ್ಲಿ ಮೂರು ಬಗೆಯ ಓರ್ಕಾಗಳಿವೆ. ಸಾಲ್ಮನ್ ಮೀನನ್ನೇ ನೆಚ್ಚಿಕೊಂಡಿರುವ ‘ರೆಸಿಡೆಂಟ್’ಗಳು. ಸೀಲ್, ಕಡಲಸಿಂಹ, ಪಾರ್ಪಸ್‌ಗಳನ್ನು ಬೇಟೆಯಾಡುವ ‘ಟ್ರಾನ್ಸಿಯೆಂಟ್’ಗಳು, ಫೆರಿಯ ಅಜ್ಜಿ ಹೇಳಿದ ‘ಟಿ’ಗಳು ಇವೇ, ಈಗ ಇವನ್ನು ‘ಬಿಗ್ಸ್’ ಓರ್ಕಾ ಎನ್ನುವುದೇ ಹೆಚ್ಚು. ಮೂರನೆಯದು ದಡದಿಂದ ಬಹುದೂರ ತಿರುಗುವ ‘ಆಫ್‌ಶೋರ್’ಗಳು. ಬಣ್ಣ ಮೂರಕ್ಕೂ ಒಂದೇ. ಕಣ್ಣಿನ ಮೇಲಿನ ಬಿಳಿ ಮಚ್ಚೆಯೂ ಇದೆ, ಹೊಟ್ಟೆಯ ಬಿಳುಪೂ ಇದೆ. ಒಂದೇ ನೀರಿನಲ್ಲಿ ಒಬ್ಬರನ್ನೊಬ್ಬರು ದಾಟಿ ಹೋಗುತ್ತವೆ. ಆದರೆ ಒಟ್ಟಿಗೆ ಉಣ್ಣುವುದಿಲ್ಲ, ಒಟ್ಟಿಗೆ ಈಜುವುದಿಲ್ಲ, ಕೂಡುವುದೂ ಇಲ್ಲ.

ಮರುದಿನ ಲೈಮ್ ಕಿಲ್ನ್ ಪಾಯಿಂಟಿಗೆ ಹೋದೆವು. ಸುಣ್ಣದ ಗೂಡುಗಳಿದ್ದ ಜಾಗವಾದ್ದರಿಂದ ಆ ಹೆಸರು. 1919ರ ದೀಪಸ್ತಂಭವೊಂದಿದೆ. ಬಂಡೆ ಕಡಿದಾಗಿ ನೀರಿಗಿಳಿಯುವುದರಿಂದ ದಡದ ಬುಡದಲ್ಲೇ ಆಳ. ಹಾಗಾಗಿ ಓರ್ಕಾಗಳು ಕಲ್ಲೆಸೆತದ ದೂರದಲ್ಲಿ ಹಾದುಹೋಗುವುದುಂಟು. ನಾವಿದ್ದಷ್ಟು ಹೊತ್ತು ಹಾದುಹೋದದ್ದು ಮಾತ್ರ ಕಂಟೈನರ್ ಹಡಗುಗಳು. ಅದೇ ಒಳ್ಳೆಯದಾಯಿತು ಅನ್ನಿ. ನೋಡಲು ಏನೂ ಇಲ್ಲದಿದ್ದಾಗ ಹೇಗೆ ನೋಡಬೇಕು ಎಂದು ಹೇಳಿಕೊಡಲು ಅಲ್ಲಿದ್ದ ಸ್ವಯಂಸೇವಕರಿಗೆ ಪುರುಸೊತ್ತು ಸಿಕ್ಕಿತು. ನಿವೃತ್ತ ಶಾಲಾ ಮೇಷ್ಟ್ರಂತೆ ಅವರು. ಹಲಗೆಯಲ್ಲಿ ಕತ್ತರಿಸಿದ ಬೆನ್ನುರೆಕ್ಕೆಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟರು.

ಮೊದಲು ರೆಕ್ಕೆಯ ತುದಿ ನೋಡಿ ಎಂದರು. ರೆಸಿಡೆಂಟ್ ಹೆಣ್ಣಿನದು ತುದಿಯಲ್ಲಿ ದುಂಡಗಾಗಿ ಬಾಗಿ, ಹಿಂಬದಿಗೆ ಒಂದು ಚೂಪು ಮೂಲೆಯಲ್ಲಿ ಮುಗಿಯುತ್ತದೆ. ಬಿಗ್ಸ್‌ನದು ಅಗಲ ಬುಡದ ತ್ರಿಕೋನ, ನೇರ ಮೇಲೆದ್ದು ಮೊನೆಯಾಗುತ್ತದೆ. ಆಫ್‌ಶೋರ್‌ನದು ಪೂರ್ತಿ ದುಂಡು, ಮೂಲೆಯೇ ಇಲ್ಲ, ಅಂಚಿನ ತುಂಬ ಕಚ್ಚುಗಳು. ಆಮೇಲೆ ರೆಕ್ಕೆಯ ಹಿಂದಿನ ಬೂದುಮಚ್ಚೆ. ಕುದುರೆಯ ಜೀನು ಕೂರುವ ಜಾಗದಲ್ಲಿರುವುದರಿಂದ ಇದನ್ನು ‘ಸ್ಯಾಡಲ್’ ಎನ್ನುತ್ತಾರೆ. ಅನೇಕ ರೆಸಿಡೆಂಟ್‌ಗಳಲ್ಲಿ ಈ ಬೂದಿನೊಳಗೆ ಕಪ್ಪು ನುಗ್ಗಿರುತ್ತದೆ, ಕೊಕ್ಕೆಯೋ ಬೆರಳೋ ಎಂಬ ಹಾಗೆ. ಬಿಗ್ಸ್‌ಗಳಲ್ಲಿ ಬೂದು ಅಖಂಡ, ಅಗಲವೂ ಹೆಚ್ಚು, ಮುಂದಕ್ಕೆ ಚಾಚಿ ರೆಕ್ಕೆಯ ಬುಡದ ನಡುಭಾಗವನ್ನೂ ಮುಟ್ಟುತ್ತದೆ. ಮಚ್ಚೆಯಲ್ಲಿ ಕಪ್ಪು ಕೊಕ್ಕೆ ಕಂಡಿತೋ ರೆಸಿಡೆಂಟ್ ಎಂದು ಖಚಿತವಾಗಿ ಹೇಳಿ. ಕಾಣಲಿಲ್ಲ ಎಂದ ಮಾತ್ರಕ್ಕೆ ಬಿಗ್ಸ್ ಎನ್ನಬೇಡಿ, ತುಂಬಿದ ಮಚ್ಚೆಯ ರೆಸಿಡೆಂಟ್‌ಗಳೂ ಇವೆ ಎಂದರು. ಗಂಡುಗಳ ರೆಕ್ಕೆ ಬೆಳೆದು 1.8 ಮೀಟರ್ ಮುಟ್ಟುವುದರಿಂದ ತುದಿ ನೋಡಿ ಹೇಳುವುದು ಕಷ್ಟ. ಅದಕ್ಕೇ ಗುಂಪಿನ ಹೆಣ್ಣುಗಳನ್ನು ಮೊದಲು ಹುಡುಕಬೇಕು.

ಇದಾದ ಮೇಲೆ ನಡತೆ. ನಾಲ್ಕೈದೇ ಪ್ರಾಣಿಗಳು, ದಡದ ಮಡಿಲುಗಳಿಗೆಲ್ಲ ಹೊಕ್ಕು ಬರುತ್ತಿದ್ದರೆ, ಐದು ನಿಮಿಷ ಮೀರಿ ಮುಳುಗಿದ್ದು ಎಣಿಸದ ಕಡೆ ಏಳುತ್ತಿದ್ದರೆ ಬಹುಪಾಲು ಬಿಗ್ಸ್. ನೀರಿನ ಅಗಲಕ್ಕೂ ಹರಡಿಕೊಂಡು, ಗದ್ದಲ ಮಾಡುತ್ತ, ಜಿಗಿಯುತ್ತ ಹೋಗುವವರು ರೆಸಿಡೆಂಟ್. ಆಫ್‌ಶೋರ್‌ಗಳ ವಿಷಯವನ್ನು ಮೇಷ್ಟ್ರು ಬೇಗ ಮುಗಿಸಿದರು, ದಡದಲ್ಲಿ ನಿಂತವರಿಗೆ ಅವು ಸಿಗುವುದೇ ಅಪರೂಪ. ಅವುಗಳ ಹಲ್ಲು ಒಸಡಿನವರೆಗೂ ಸವೆದಿರುತ್ತದೆ ಎಂದಷ್ಟೇ ಹೇಳಿ ನಿಲ್ಲಿಸಿದರು. ತಿನ್ನುವುದು ಶಾರ್ಕ್‌ಗಳನ್ನು, ಶಾರ್ಕಿನ ಚರ್ಮ ಮರಳುಕಾಗದದಷ್ಟು ಒರಟು.

ಈ ಪಾಠ ಕೇಳುವಾಗ, ಯಾರೋ ಕೂತು ಮೂರು ಬಗೆಗಳನ್ನು ವಿಂಗಡಿಸಿ, ಆಮೇಲೆ ಒಂದೊಂದು ಪ್ರಾಣಿಯನ್ನು ಆಯಾ ಖಾನೆಗೆ ಹಾಕಿರಬೇಕು ಅನ್ನಿಸುತ್ತದೆ. ನಡೆದದ್ದು ತಿರುಗುಮುರುಗಾಗಿ. ಮೈಕೆಲ್ ಬಿಗ್ ಎಂಬ ಕೆನಡಾದ ವಿಜ್ಞಾನಿಗೆ 1970ರ ದಶಕದ ಆರಂಭದಲ್ಲಿ ಒಪ್ಪಿಸಿದ್ದ ಕೆಲಸ ಬರಿಯ ಎಣಿಕೆ. ಜಗತ್ತಿನ ಅಕ್ವೇರಿಯಂಗಳಿಗೆಂದು ಈ ಕರಾವಳಿಯಿಂದ ಓರ್ಕಾಗಳನ್ನು ಬಲೆ ಹಾಕಿ ಹಿಡಿಯುತ್ತಿದ್ದ ಕಾಲ ಅದು. ಸಮುದ್ರದಲ್ಲಿ ಸಾವಿರಾರು ಇವೆ, ಹಿಡಿದಷ್ಟೂ ಮುಗಿಯುವುದಿಲ್ಲ ಎಂಬ ನಂಬಿಕೆ ಎಲ್ಲೆಲ್ಲೂ ಇತ್ತು. ಬಿಗ್ 1971ರಲ್ಲಿ ದೀಪಸ್ತಂಭದವರಿಗೆ, ಮೀನುಗಾರರಿಗೆ, ದೋಣಿಯವರಿಗೆ ಪ್ರಶ್ನೆಪತ್ರ ಹಂಚಿ, ಕಂಡದ್ದನ್ನು ಬರೆದುಕೊಡಿ ಎಂದರು. ಬಂದ ಉತ್ತರಗಳನ್ನು ಕೂಡಿದರೆ ಇದ್ದದ್ದು ಕೆಲವೇ ನೂರು.

ಆಮೇಲೆ ಅವರೂ ಗ್ರೇಮ್ ಎಲ್ಲಿಸ್ ಮೊದಲಾದ ಒಡನಾಡಿಗಳೂ ಕ್ಯಾಮೆರಾ ಹಿಡಿದು ಹೊರಟರು. ರೆಕ್ಕೆಯ ಕಚ್ಚು, ಬೂದುಮಚ್ಚೆಯ ಗೀರು ವರ್ಷ ಕಳೆದರೂ ಅಳಿಯುವುದಿಲ್ಲ, ಒಂದರಂತೆ ಇನ್ನೊಂದಿಲ್ಲ ಎಂಬುದು ಫೋಟೋಗಳನ್ನು ಪಕ್ಕಪಕ್ಕ ಇಟ್ಟಾಗ ಗೊತ್ತಾಯಿತು. ಬೇರೆ ವಿಜ್ಞಾನಿಗಳಲ್ಲಿ ಅನೇಕರು ಇದನ್ನು ನಂಬಲಿಲ್ಲ. ನಮ್ಮಲ್ಲಿ ದನ ಕಾಯುವವನಿಗೆ ಇದರಲ್ಲಿ ಸೋಜಿಗ ಕಾಣುತ್ತಿರಲಿಲ್ಲ. ನೂರು ದನದ ಮಂದೆ ಪೇಟೆಯವರ ಕಣ್ಣಿಗೆ ಮಂದೆ. ಅವನಿಗೆ ಯಾವ ಬೆನ್ನು ಯಾರ ಕೊಟ್ಟಿಗೆಯದು, ಯಾವ ಕರು ಯಾವ ಹಸುವಿನದು ಎಂದು ಸಂಜೆಗತ್ತಲಲ್ಲೂ ಗೊತ್ತು. ಬಿಗ್ ಕೂಡ ಮೊದಲು ತಿಳಿದುಕೊಂಡದ್ದು ಇವಳು ಯಾರು, ಇವಳ ಪಕ್ಕ ಯಾವಾಗಲೂ ಇರುವವನು ಯಾರು ಎಂಬುದನ್ನು. ಹಾಗೆ ವರ್ಷಗಟ್ಟಲೆ ನೋಡುತ್ತಿದ್ದಾಗ, ಕೆಲವು ಪ್ರಾಣಿಗಳು ಯಾವ ದೊಡ್ಡ ಬಳಗದ ಜೊತೆಗೂ ಸೇರದೆ ಎರಡು ಮೂರರ ಗುಂಪಿನಲ್ಲಿ ಬಂದುಹೋಗುವುದು ಕಂಡಿತು. ಬಳಗದಿಂದ ಹೊರದಬ್ಬಿಸಿಕೊಂಡು ಅಲೆಯುವ ಅನಾಥರಿರಬೇಕು ಎಂದುಕೊಂಡರು. ‘ಟ್ರಾನ್ಸಿಯೆಂಟ್’ ಎಂಬ ಹೆಸರು ಬಂದದ್ದು ಆ ಊಹೆಯಿಂದ. ಹೊಟ್ಟೆಗೆ ಏನು ಹಾಕಿಕೊಳ್ಳುತ್ತವೆ ಎಂಬುದು ತಿಳಿದ ಮೇಲೆಯೇ ಇವು ಬೇರೆಯದೇ ಜನ ಎಂದು ಗೊತ್ತಾದದ್ದು. ಬಗೆ ಎಂಬುದು ಕೊನೆಗೆ ಬಂತು. ಮೊದಲು ಬಂದದ್ದು ಮುಖಪರಿಚಯ. ಸರಿಯಾಗಿ ಹೇಳಬೇಕೆಂದರೆ ಬೆನ್ನುಪರಿಚಯ.

ಹೊಟ್ಟೆಯ ವಿಷಯ ತಿಳಿಯದೆ ಏನಾಯಿತು ಎಂಬುದಕ್ಕೆ ಹಾರೊ ಜಲಸಂಧಿಯಿಂದ ಹೆಚ್ಚು ದೂರವಿಲ್ಲದ ಪೆಡರ್ ಕೊಲ್ಲಿಯ ಒಂದು ಕಥೆಯಿದೆ. ಫ್ರೈಡೇ ಹಾರ್ಬರ್‌ನ ವೇಲ್ ಮ್ಯೂಸಿಯಂ ನೋಡಿ ಬಂದು ರಾತ್ರಿ ಅದರ ಬಗ್ಗೆ ಓದುತ್ತ ಕೂತೆ, ನಿದ್ದೆ ಹತ್ತಲಿಲ್ಲ. 1970ರ ಮಾರ್ಚ್ 1ರಂದು ವಿಕ್ಟೋರಿಯಾ ಸಮೀಪದ ಆ ಕೊಲ್ಲಿಯಲ್ಲಿ ಐದು ಓರ್ಕಾಗಳಿಗೆ ಬಲೆ ಬಿತ್ತು. ಅದರಲ್ಲೊಂದು ಹೆಚ್ಚುಕಡಿಮೆ ಪೂರ್ತಿ ಬಿಳಿ. ಹಿಡಿದವರಿಗೆ ಬೇಕಾಗಿದ್ದದ್ದು ಅದೇ. ಬಿಳಿಯದನ್ನೂ ಇನ್ನೊಂದನ್ನೂ ಅಕ್ವೇರಿಯಂಗೆ ಸಾಗಿಸಿದರು. ಉಳಿದ ಮೂರು ಕೊಲ್ಲಿಯ ಬಲೆಯೊಳಗೇ ಉಳಿದವು. ಅವುಗಳ ಮುಂದೆ ಸಾಲ್ಮನ್ ಎಸೆದರು, ಮುಟ್ಟಲಿಲ್ಲ. ಮತ್ತೆ ಎಸೆದರು, ಮುಟ್ಟಲಿಲ್ಲ. ಓರ್ಕಾ ಎಂದಮೇಲೆ ಮೀನು ತಿನ್ನಲೇಬೇಕು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಅಲ್ಲಿಯವರೆಗೆ ಹಿಡಿದವೆಲ್ಲ ತಿಂದಿದ್ದವು. ವಾರಗಳು ಕಳೆದವು, ಪಕ್ಕೆಲುಬು ಕಾಣತೊಡಗಿತು. 75 ದಿನ ಉಪವಾಸವಿದ್ದು ಒಂದು ಹೆಣ್ಣು ಸತ್ತಿತು. ಅದಾದ ಕೆಲವು ದಿನಕ್ಕೆ ಉಳಿದೆರಡು ಮೀನಿಗೆ ಬಾಯಿ ಹಾಕಿದವು. ಅದೇ ವರ್ಷ ಅಕ್ಟೋಬರ್‌ನ ಒಂದು ರಾತ್ರಿ ಯಾರೋ ಬಲೆಯ ಅಂಚಿಗೆ ಭಾರ ಕಟ್ಟಿ ತಗ್ಗಿಸಿದರು, ಎರಡೂ ತಪ್ಪಿಸಿಕೊಂಡು ಹೋದವು. ಬಿಗ್ಸ್ ಓರ್ಕಾಗಳವು. ಸಮುದ್ರಕ್ಕೆ ಮರಳಿದ ಮೇಲೆ ಮತ್ತೆ ಸೀಲ್‌ಗಳ ಬೇಟೆಗೇ ಹಿಂದಿರುಗಿದವು.

ಹಸಿವಿನಿಂದ ಸಾಯುವಾಗಲೂ ಎದುರಿಗಿದ್ದ ಮೀನು ಆಹಾರ ಎಂದು ಅವಕ್ಕೆ ತೋಚಲಿಲ್ಲ. ಹಟ ಎನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ತಾಯಿ ತಿನ್ನಲು ಕಲಿಸಿದ್ದಷ್ಟೇ ಊಟ, ಕಲಿಸದೆ ಇದ್ದದ್ದು ನೀರಿನಲ್ಲಿ ತೇಲುವ ಒಂದು ವಸ್ತು. ಇದನ್ನು ವಿಜ್ಞಾನಿಗಳು ಸಂಸ್ಕೃತಿ ಎಂದು ಕರೆಯಲು ಹಿಂಜರಿದದ್ದು ಏಕೋ. ಮಡಿ ಮೈಲಿಗೆಯ ಊಟದ ಪಂಕ್ತಿಗಳನ್ನು ಕಂಡ ನಾಡಿನಿಂದ ಬಂದವಳಿಗೆ ಆ ಹಿಂಜರಿಕೆ ಅರ್ಥವಾಗಲಿಲ್ಲ.

ಊಟದ ಹಿಂದೆಯೇ ಮಾತೂ ಬೇರೆಯಾಗುತ್ತದೆ. ಲೈಮ್ ಕಿಲ್ನ್‌ನ ನೀರಿನಡಿ ಹೈಡ್ರೋಫೋನ್ ಇಟ್ಟಿದ್ದಾರೆ. ದಕ್ಷಿಣದ ರೆಸಿಡೆಂಟ್‌ಗಳಲ್ಲಿ ಜೆ, ಕೆ, ಎಲ್ ಎಂದು ಮೂರು ಬಳಗ. ಅಜ್ಜಿ, ಅವಳ ಮಕ್ಕಳು, ಮೊಮ್ಮಕ್ಕಳು. ಬೆಳೆದ ಗಂಡುಮಕ್ಕಳೂ ಜೀವಮಾನವಿಡೀ ತಾಯಿಯ ಪಕ್ಕ ಬಿಡುವುದಿಲ್ಲ. ಪ್ರತಿ ಬಳಗಕ್ಕೂ ತನ್ನದೇ ಕೂಗುಗಳ ಕಂತೆಯಿದೆ ಎಂದು ತೋರಿಸಿಕೊಟ್ಟವರು ಜಾನ್ ಫೋರ್ಡ್. ಎಸ್1 ಎಂದು ಗುರುತು ಹಾಕಿರುವ ಕೂಗು ಮತ್ತೆಮತ್ತೆ ಕೇಳಿದರೆ ಜೆ ಬಳಗ, ಎಸ್16 ಆದರೆ ಕೆ, ಎಸ್19 ಆದರೆ ಎಲ್. ಹಾಗಾಗಿ ಕತ್ತಲಲ್ಲೂ, ಮಂಜಿನಲ್ಲೂ ಮನೆಯಲ್ಲಿ ಕೂತು ಕಿವಿಗೊಟ್ಟು ಯಾರು ಹೋದರು ಎಂದು ಬರೆದಿಡುವವರು ದ್ವೀಪದಲ್ಲಿದ್ದಾರೆ. ಬಿಗ್ಸ್‌ಗಳು ಬೇಟೆಗೆ ಹೊರಟಾಗ ತುಟಿ ಬಿಚ್ಚುವುದಿಲ್ಲ. ಸಾಲ್ಮನ್ ಮೀನಿಗೆ ಓರ್ಕಾದ ಸೂಕ್ಷ್ಮ ಸದ್ದುಗಳು ಕೇಳುವುದಿಲ್ಲ. ಸೀಲ್, ಪಾರ್ಪಸ್‌ಗಳ ಕಿವಿ ಹಾಗಲ್ಲ, ಒಂದು ಕೂಗು ಕೇಳಿದರೂ ಊಟ ಓಡಿಹೋಗುತ್ತದೆ. ಹರಟೆಯೆಲ್ಲ ಬೇಟೆ ಮುಗಿದ ಮೇಲೆ. ಈ ಮೌನಕ್ಕೆ ಹೊಂದುವಂತೆ ಗುಂಪೂ ಚಿಕ್ಕದು.

ಹೆಸರುಗಳು ಮಾತ್ರ ಈಗ ಅಡಿಮೇಲಾಗಿವೆ. ‘ರೆಸಿಡೆಂಟ್’ ಎನಿಸಿಕೊಂಡವು ಬೇಸಿಗೆಯಲ್ಲೂ ಇಲ್ಲಿಂದ ವಾರಗಟ್ಟಲೆ ಕಾಣೆಯಾಗುತ್ತವೆ, ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದವರೆಗೂ ಹೋಗಿಬರುತ್ತವೆ. ಅವಕ್ಕೆ ಬೇಕಾದ ಚಿನೂಕ್ ಸಾಲ್ಮನ್ ಫ್ರೇಸರ್ ನದಿಯ ಕಡೆ ಮೊದಲಿನಷ್ಟು ಬರುತ್ತಿಲ್ಲ. ಅತ್ತ ‘ಟ್ರಾನ್ಸಿಯೆಂಟ್’ಗಳು ವರ್ಷವಿಡೀ ಇಲ್ಲೇ ಬಿಡಾರ ಹೂಡಿವೆ. ಕೆನಡಾ 1970ರಲ್ಲಿ, ಅಮೆರಿಕ 1972ರಲ್ಲಿ ಸೀಲ್‌ಗಳಿಗೆ ರಕ್ಷಣೆ ಕೊಟ್ಟ ಮೇಲೆ ಸೀಲ್ ಸಂತತಿ ಹೆಚ್ಚಿತು, ಅದರ ಬೆನ್ನಿಗೆ ಇವುಗಳದೂ ಹೆಚ್ಚಿತು. ದಕ್ಷಿಣದ ರೆಸಿಡೆಂಟ್‌ಗಳು ಉಳಿದಿರುವುದು 75ರ ಆಸುಪಾಸು. ಅಕ್ವೇರಿಯಂಗಳ ಕಾಲದಲ್ಲಿ ಹಿಡಿದದ್ದು, ಹಿಡಿಯುವಾಗ ಸತ್ತದ್ದು ಸೇರಿ ನಲವತ್ತಕ್ಕೂ ಹೆಚ್ಚು ಇದೇ ಮೂರು ಬಳಗಗಳಿಂದ ಹೋದವು, ಅದರಲ್ಲೂ ಮರಿಗಳೇ ಜಾಸ್ತಿ. 1970ರ ಆಗಸ್ಟ್‌ನಲ್ಲಿ ಪೆನ್ ಕೋವ್‌ನಲ್ಲಿ ಹಿಡಿದ ತೊಕಿಟೇ ಎಂಬ ಹೆಣ್ಣು ಮಯಾಮಿಯ ತೊಟ್ಟಿಯಲ್ಲೇ ಬದುಕು ಸವೆಸಿ 2023ರ ಆಗಸ್ಟ್‌ನಲ್ಲಿ ತೀರಿಕೊಂಡಿತು. ಇಲ್ಲಿನ ಮೂಲನಿವಾಸಿ ಲಮ್ಮಿ ಜನ ಓರ್ಕಾಗಳನ್ನು ಅಲೆಗಳಡಿ ವಾಸಿಸುವ ತಮ್ಮ ಬಂಧುಗಳು ಎಂದೇ ಎಣಿಸುತ್ತಾರೆ. ತೊಕಿಟೇಯನ್ನು ಊರಿಗೆ ತರಿಸಬೇಕೆಂದು ಅವರು ವರ್ಷಗಳ ಕಾಲ ಹೋರಾಡಿದ್ದರು.

2018ರಲ್ಲಿ ಜೆ ಬಳಗದ ಜೆ35 ಎಂಬ ತಾಯಿ ತನ್ನ ಸತ್ತ ಮರಿಯನ್ನು 17 ದಿನ ಮೂತಿಯ ಮೇಲೆ ಹೊತ್ತು ತಿರುಗಿದ್ದನ್ನು ಜಗತ್ತು ನೋಡಿತು. ಅದಕ್ಕೊಂದು ಗುರುತು ಇರಲಿಲ್ಲ ಎಂದು ಭಾವಿಸಿ. ದೂರದಲ್ಲಿ ಯಾವುದೋ ಓರ್ಕಾ ಏನನ್ನೋ ತಳ್ಳಿಕೊಂಡು ಹೋಗುತ್ತಿತ್ತು ಎಂದು ಒಬ್ಬರು ಬರೆದುಕೊಳ್ಳುತ್ತಿದ್ದರು, ಮಾರನೆ ದಿನ ಇನ್ನೆಲ್ಲೋ ಇನ್ನೊಬ್ಬರು. ಹದಿನೇಳು ದಿನ ಹೊತ್ತವಳು ಒಬ್ಬಳೇ ಎಂದು ಹೇಳಲು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ.

ವರ್ಗೀಕರಣದವರು ಬಹಳ ತಡವಾಗಿ ಬಂದರು. 2024ರಲ್ಲಿ ಫಿಲಿಪ್ ಮೋರಿನ್ ಮತ್ತು ಸಂಗಡಿಗರು ರೆಸಿಡೆಂಟ್, ಬಿಗ್ಸ್ ಎರಡೂ ಬೇರೆ ಬೇರೆ ಪ್ರಭೇದಗಳು, ಇವೆರಡರ ಹಾದಿ ಕವಲೊಡೆದು ಮೂರು ಲಕ್ಷ ವರ್ಷಕ್ಕೂ ಹೆಚ್ಚಾಯಿತು ಎಂದು ಪ್ರತಿಪಾದಿಸಿದರು. ಸಾಗರ ಸಸ್ತನಿಶಾಸ್ತ್ರಜ್ಞರ ಸಂಘದ ಸಮಿತಿ ಸದ್ಯಕ್ಕೆ ಉಪಪ್ರಭೇದ ಎನ್ನೋಣ ಎಂದು ತೀರ್ಮಾನಿಸಿತು. ಇಟ್ಟ ಲ್ಯಾಟಿನ್ ಹೆಸರುಗಳು, ಏಟರ್ ಮತ್ತು ರೆಕ್ಟಿಪಿನ್ನಸ್, 1869ರಲ್ಲೇ ಎಡ್ವರ್ಡ್ ಕೋಪ್ ಎಂಬಾತ ತಿಮಿಂಗಿಲ ಬೇಟೆಯ ಕಪ್ತಾನ ಚಾರ್ಲ್ಸ್ ಸ್ಕ್ಯಾಮನ್‌ನ ವರ್ಣನೆಯ ಆಧಾರದ ಮೇಲೆ ಕೊಟ್ಟವು. ಪ್ರಭೇದವೋ ಉಪಪ್ರಭೇದವೋ ಎಂಬ ಜಗಳ ವಿದ್ವಾಂಸರಿಗಿರಲಿ. ಎರಡು ಬಗೆಯೂ ಎದುರಾದರೆ ಸಾಮಾನ್ಯವಾಗಿ ದಾರಿ ಬಿಟ್ಟು ನಡೆಯುತ್ತವೆ. 1993ರಲ್ಲಿ ನನೈಮೊ ಸಮೀಪ ಜೆ ಬಳಗ ಮೂರು ಬಿಗ್ಸ್‌ಗಳನ್ನು ಅಟ್ಟಿಸಿಕೊಂಡು ಹೋದದ್ದು ದಾಖಲಾಗಿದೆ. ಸಮಿತಿ ಕೂರುವುದಕ್ಕೆ ಎಷ್ಟೋ ಮೊದಲೇ ಅವು ತಮ್ಮೊಳಗೆ ಇತ್ಯರ್ಥ ಮಾಡಿಕೊಂಡಿದ್ದವು.

ದೋಣಿ ಹತ್ತಿದ್ದು ಕೊನೆಯ ದಿನ. ಹೊರಡುವ ಮೊದಲು ಗೈಡ್ ಹುಡುಗಿ ನಿಯಮ ಹೇಳಿದಳು. 2025ರ ಜನವರಿಯಿಂದ ವಾಷಿಂಗ್ಟನ್ ರಾಜ್ಯದ ನೀರಿನಲ್ಲಿ ದಕ್ಷಿಣದ ರೆಸಿಡೆಂಟ್‌ಗಳಿಂದ ಎಲ್ಲ ದೋಣಿಗಳೂ 1,000 ಗಜ ದೂರವಿರಬೇಕು. ಬಿಗ್ಸ್ ಆದರೆ 200 ಗಜದವರೆಗೆ ಹೋಗಬಹುದು. ಅಂದರೆ ಅರ್ಧ ಮೈಲಿಗೂ ದೂರದಿಂದ, ಅಲೆಯ ನಡುವೆ ಎರಡು ಸೆಕೆಂಡು ಕಾಣುವ ಒಂದು ಕಪ್ಪು ತ್ರಿಕೋನವನ್ನು ನೋಡಿ ಯಾರ ಮನೆಯವರು ಎಂದು ನಿಶ್ಚಯಿಸಿದ ಮೇಲೆ ಮುಂದಿನ ಹೆಜ್ಜೆ.

ಸ್ಪೀಡನ್ ದ್ವೀಪದ ಬಳಿ ಉಸಿರಿನ ಹಬೆ ಕಂಡಾಗ ಕ್ಯಾಪ್ಟನ್ ಎಂಜಿನ್ ಇಳಿಸಿ ದುರ್ಬೀನು ಎತ್ತಿದರು. ಯಾರೂ ಮಾತಾಡಲಿಲ್ಲ. ಒಂದು ಎತ್ತರದ ರೆಕ್ಕೆ, ಎರಡು ಸಾಧಾರಣ, ಒಂದು ಪುಟ್ಟದು. ಅಲ್ಲಿ ಬಂಡೆಯ ಬುಡದಲ್ಲೇ ಸರಿದಾಡುತ್ತಿದ್ದವು. ಅಕ್ಕನ ಮಗಳ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದೆವು: ಮೊನೆಯಾದ ತುದಿ, ಇಡಿಯಾದ ಬೂದು. “ಟಿಗಳು” ಎಂದು ಕ್ಯಾಪ್ಟನ್ ರೇಡಿಯೋದಲ್ಲಿ ಹೇಳಿ ನಿಧಾನವಾಗಿ ಹತ್ತಿರ ಸಾಗಿದರು. ಗೈಡ್ ಕ್ಯಾಟಲಾಗ್ ತೆರೆದು ತಾಯಿಯ ಕಚ್ಚನ್ನು ಹೊಂದಿಸಿದಳು. ಬಿಗ್ಸ್‌ಗಳ ಸಂಖ್ಯೆಯಲ್ಲೇ ವಂಶಾವಳಿ ಇದೆ ಎಂದು ತೋರಿಸಿದಳು. ಟಿ065ರ ಮೊದಲ ಮಗು ಟಿ065ಎ, ಅದರ ಐದನೆಯ ಮಗು ಟಿ065ಎ5. ಅಕ್ಷರ, ಅಂಕಿ, ಮತ್ತೆ ಅಕ್ಷರ. ಅಜ್ಜಿಯ ಹೆಸರು ಹೇಳದೆ ಮೊಮ್ಮಗನನ್ನು ಕರೆಯಲು ಬರುವುದಿಲ್ಲ. ಅಪ್ಪನಿಗೆ ಆ ಸಾಲಿನಲ್ಲಿ ಜಾಗವೇ ಇಲ್ಲ. ಅಕ್ಕನ ಮಗಳಿಗೆ ಇದು ಬಹಳ ಹಿಡಿಸಿತು.

ಬಂಡೆಯ ಮೇಲಿದ್ದ ಸೀಲ್‌ಗಳು ಮೇಲಕ್ಕೆ, ಇನ್ನೂ ಮೇಲಕ್ಕೆ ತೆವಳಿಕೊಂಡವು. ಒಂದು ಮಾತ್ರ ನೀರಿನಲ್ಲಿತ್ತು. ಆಮೇಲಿನದನ್ನು ನಾನು ವರ್ಣಿಸುವುದಿಲ್ಲ. ಬಾಲದ ಹೊಡೆತದ ಸದ್ದಿಗೆ ದೋಣಿಯಲ್ಲಿದ್ದ ಮಗುವೊಂದು ಅತ್ತಿತು.

ಅಷ್ಟರಲ್ಲಿ ರೇಡಿಯೋ. ದಕ್ಷಿಣದಿಂದ ಜೆ ಬಳಗ ಹಾರೊ ಜಲಸಂಧಿಯಲ್ಲಿ ಮೇಲೆ ಬರುತ್ತಿದೆ, ಹತ್ತಾರು ಪ್ರಾಣಿಗಳು, ಜಿಗಿಯುತ್ತಿವೆ ಎಂಬ ಸುದ್ದಿ. ದೋಣಿಯವರೆಲ್ಲ ಒಮ್ಮೆಲೇ ಎದ್ದು ನಿಂತರು. ಕ್ಯಾಪ್ಟನ್ ದೋಣಿಯ ಮೂತಿಯನ್ನು ಉಲ್ಟಾ ದಿಕ್ಕಿಗೆ, ಪೂರ್ವಕ್ಕೆ ತಿರುಗಿಸಿದರು. ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ, ದೂರದಿಂದ ಒಂದು ಸಲ ನೋಡಿಬಿಡೋಣ, ಏನಾಗುತ್ತದೆ ಎಂದು ಟೋಪಿ ಹಾಕಿದ್ದ ಒಬ್ಬರು ಗದರಿದರು. ಗೈಡ್ ಸಾವಧಾನವಾಗಿ ಉತ್ತರಿಸಿದಳು: ಅವು ಸದ್ದು ಬಿಟ್ಟು ಅದರ ಮರುದನಿಯಿಂದ ಸಾಲ್ಮನ್ ಹುಡುಕುತ್ತವೆ, ಎಂಜಿನ್ ಸದ್ದಿನಲ್ಲಿ ಆ ದನಿ ಮುಚ್ಚಿಹೋಗುತ್ತದೆ, ದೋಣಿ 400 ಗಜದೊಳಗೆ ಬಂದರೆ ಹೆಣ್ಣುಗಳು ಮೀನು ಹುಡುಕುವುದನ್ನೇ ನಿಲ್ಲಿಸಿಬಿಡುವುದು ಸಂಶೋಧನೆಯಲ್ಲಿ ಕಂಡಿದೆ. ದಡದಿಂದ ನೋಡಲು ಯಾವ ನಿಯಮವೂ ಅಡ್ಡ ಬರುವುದಿಲ್ಲ, ಲೈಮ್ ಕಿಲ್ನ್‌ಗೆ ಹೋಗಿ ಎಂದಳು. ಆತ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು.

“ಈಗ ಹೋದರೆ ನಮಗೆ ಸಿಗುತ್ತವಾ ಚಿಕ್ಕಮ್ಮ?” ಅಕ್ಕನ ಮಗಳು ಗಡಿಯಾರ ನೋಡಿಕೊಂಡಳು. ಬಂದರಿಗೆ ಮುಟ್ಟುವುದಕ್ಕೇ ಇನ್ನೂ ಮುಕ್ಕಾಲು ಗಂಟೆ, ಅಲ್ಲಿಂದ ಕಾರಿನಲ್ಲಿ ದ್ವೀಪದ ಆಚೆ ಮಗ್ಗುಲಿಗೆ ಹೋಗಬೇಕು, ಸಂಜೆಯ ಫೆರಿಗೆ ಜಾಗ ಕಾದಿರಿಸಿಯಾಗಿತ್ತು. ಸಿಗಲಾರವು ಎಂದೆ. ಕ್ಯಾಪ್ಟನ್ ಲಾಗ್‌ಬುಕ್ ತೆರೆದು ಹೊತ್ತು, ಜಾಗ, ನಾಲ್ಕು ಟಿಗಳ ಸಂಖ್ಯೆ, ಒಂದು ಸೀಲ್ ಎಂದು ಬರೆದು, ಅದರ ಕೆಳಗೆ ಜೆ ಬಳಗದ ಸುದ್ದಿ ಬಂದ ವೇಳೆಯನ್ನೂ ಅಲ್ಲಿಂದ ಹಿಂದಿರುಗಿದ ವೇಳೆಯನ್ನೂ ಗುರುತು ಹಾಕಿಕೊಂಡರು.